ಹಾಂಟ್ಶ್ ಸಿಂಥೆಸಿಸ್‌ನಿಂದ ಬಿ.ಪಿ. ಮಾತ್ರೆವರೆಗೆ: ಪ್ರಶ್ನೋತ್ತರ

ಪ್ರಶ್ನೆ (ಬಿ.ಎಸ್ಸಿ. ಕೊನೆಯ ವರ್ಷದ ವಿದ್ಯಾರ್ಥಿನಿ, ಹಾಸನ): ಮೇಡಂ ನಮಸ್ತೆ. ಹೆಟರೋಸೈಕ್ಲಿಕ್ (ಕಾರ್ಬನ್ ಜೊತೆ ಬೇರೆ ಪರಮಾಣುವೂ ಇರುವ ಉಂಗುರಗಳ) ಪಾಠದಲ್ಲಿ ಹಾಂಟ್ಶ್ ಪಿರಿಡಿನ್ ಸಿಂಥೆಸಿಸ್ ಇದೆ, ಅಂದರೆ ಐದು ಕಾರ್ಬನ್, ಒಂದು ನೈಟ್ರೋಜನ್ ಇರುವ ಪಿರಿಡಿನ್ ಉಂಗುರ ಕಟ್ಟಲು ರಸಾಯನಶಾಸ್ತ್ರಜ್ಞ ಹಾಂಟ್ಶ್ ಕೊಟ್ಟ ವಿಧಾನ. ಒಂದು ಆಲ್ಡಿಹೈಡ್, ಎರಡು ಪಾಲು ಅಸಿಟೋಅಸಿಟಿಕ್ ಎಸ್ಟರ್, ಅಮೋನಿಯಾ. ಮೊದಲು ಡೈಹೈಡ್ರೋಪಿರಿಡಿನ್ (ಪಿರಿಡಿನ್‌ಗಿಂತ ಎರಡು ಹೈಡ್ರೋಜನ್ ಹೆಚ್ಚಿರುವ ಉಂಗುರ) ಬರುತ್ತದೆ. ಅದನ್ನು ನೈಟ್ರಿಕ್ ಆಮ್ಲದಿಂದ ಆಕ್ಸಿಡೈಸ್ ಮಾಡಿದರೆ ಪಿರಿಡಿನ್ ಉಂಗುರ. ಇಷ್ಟು ಬಾಯಿಪಾಠ ಆಗಿದೆ. ಉಪಯೋಗ ಬರೆಯಿರಿ ಅಂದರೆ ಎಲ್ಲರೂ ‘ಔಷಧ, ಬಣ್ಣ, ಕೀಟನಾಶಕ’ ಅಂತ ಗೀಚಿ ಬರುತ್ತೇವೆ. ನಿಜವಾಗಿ ಕಾರ್ಖಾನೆಯಲ್ಲಿ ಇದನ್ನು ಯಾರಾದರೂ ಮಾಡುತ್ತಾರಾ?

ಉತ್ತರ (ಔಷಧ ಕಾರ್ಖಾನೆಯಲ್ಲಿ ಪ್ರೋಸೆಸ್ ಕೆಮಿಸ್ಟ್, ಬೆಂಗಳೂರು): ಮಾಡುತ್ತಾರೆ, ಅದೂ ಟನ್‌ಗಟ್ಟಲೆ. ಆದರೆ ನಿಮ್ಮ ಪುಸ್ತಕದ ಕೊನೆಯ ಬಾಣದ ಗುರುತಿಗೆ ಮೊದಲೇ, ಅಂದರೆ ಆಕ್ಸಿಡೈಸ್ ಮಾಡದೆ ನಿಲ್ಲಿಸುತ್ತಾರೆ.

ಬರೀ ಪಿರಿಡಿನ್ ಬೇಕಿದ್ದರೆ ಹಾಂಟ್ಶ್ ದಾರಿ ಯಾರೂ ಹಿಡಿಯುವುದಿಲ್ಲ. ಅಸಿಟಾಲ್ಡಿಹೈಡ್, ಫಾರ್ಮಾಲ್ಡಿಹೈಡ್, ಅಮೋನಿಯಾ ಮೂರನ್ನೂ ಆವಿಯಾಗಿಸಿ ಬಿಸಿ ಕ್ಯಾಟಲಿಸ್ಟ್ (ರಿಯಾಕ್ಷನ್ ವೇಗ ಹೆಚ್ಚಿಸುವ ವಸ್ತು) ಮೇಲೆ ಹಾಯಿಸುತ್ತಾರೆ. ಇದು ಚಿಚಿಬಾಬಿನ್ ವಿಧಾನ. ಜೊತೆಗೆ ಸಿಗುವ 3-ಪಿಕೋಲಿನ್‌ನಿಂದ ನಯಾಸಿನ್, ಅಂದರೆ ಬಿ3 ವಿಟಮಿನ್ ಮಾಡುತ್ತಾರೆ.

ಹಾಂಟ್ಶ್ ತನ್ನ ರಿಯಾಕ್ಷನ್ ಪ್ರಕಟಿಸಿದ್ದು 1881ರಲ್ಲಿ. ಆಗ ಡೈಹೈಡ್ರೋಪಿರಿಡಿನ್ ಅಂದರೆ ಸುಮ್ನೆ ಮಧ್ಯದ ಒಂದು ಹಂತ. ಎಷ್ಟೋ ದಶಕ ಹಾಗೇ ಇತ್ತು. ಆಮೇಲೆ ಜರ್ಮನಿಯ ಬೇಯರ್ ಕಂಪನಿಯವರು ಈ ಮಧ್ಯದ ಹಂತವೇ ರಕ್ತನಾಳ ಸಡಿಲಿಸುತ್ತದೆ ಎಂದು ಕಂಡುಕೊಂಡರು. 2-ನೈಟ್ರೋಬೆಂಜಾಲ್ಡಿಹೈಡ್, ಎರಡು ಪಾಲು ಮೀಥೈಲ್ ಅಸಿಟೋಅಸಿಟೇಟ್, ಅಮೋನಿಯಾ. ಮೂರು ಅಣು ನೀರು ಹೊರಗೆ ಹೋದರೆ ಉಳಿಯುವುದು ನಿಫೆಡಿಪಿನ್ ಎಂಬ ಔಷಧ. ಮಾರುಕಟ್ಟೆಗೆ ಬಂದದ್ದು 1975ರಲ್ಲಿ. ನಿಮ್ಮ ಮನೆಯಲ್ಲಿ ಯಾರಿಗಾದರೂ ಬಿ.ಪಿ. ಇದ್ದರೆ ಅಮ್ಲೋಡಿಪಿನ್ ಹೆಸರು ಕೇಳಿರುತ್ತೀರಿ, ಅಲ್ವಾ? ಅದೂ ಇದೇ ಮನೆತನ.

ಅಮ್ಲೋಡಿಪಿನ್‌ನಲ್ಲಿ ಒಂದು ತೊಡಕಿದೆ. ಉಂಗುರದ ಒಂದು ಕಡೆ ಮೀಥೈಲ್ ಎಸ್ಟರ್, ಇನ್ನೊಂದು ಕಡೆ ಈಥೈಲ್ ಎಸ್ಟರ್. ಎಲ್ಲವನ್ನೂ ಒಟ್ಟಿಗೆ ಸುರಿದರೆ ಮೂರು ಥರದ ಮಿಶ್ರಣ ಬರುತ್ತದೆ, ಬೇರ್ಪಡಿಸುವುದರಲ್ಲಿ ಸಾಕು ಸಾಕಾಗುತ್ತದೆ. ಹಾಗಾಗಿ ಅಮೋನಿಯಾವನ್ನು ಮೊದಲೇ ಒಂದು ಎಸ್ಟರ್‌ಗೆ ಕಟ್ಟಿ ಮೀಥೈಲ್ 3-ಅಮಿನೋಕ್ರೋಟೋನೇಟ್ ಮಾಡಿಕೊಳ್ಳುವುದು ರೂಢಿ. ಇನ್ನೊಂದು ಎಸ್ಟರ್ 2-ಕ್ಲೋರೋಬೆಂಜಾಲ್ಡಿಹೈಡ್ ಜೊತೆ ಸೇರುತ್ತದೆ. ಇವೆರಡು ಕೂಡಿದಾಗ ಯಾವುದು ಯಾವ ಕಡೆ ಅನ್ನುವುದು ನಮ್ಮ ಹಿಡಿತದಲ್ಲಿರುತ್ತದೆ. ನೀವು ಬರೆಯುವ ಮೆಕ್ಯಾನಿಸಂನಲ್ಲಿ (ರಿಯಾಕ್ಷನ್ ಹಂತ ಹಂತವಾಗಿ ನಡೆಯುವ ಬಗೆ) ನೋವೆನಾಗೆಲ್ (ಆಲ್ಡಿಹೈಡ್, ಎಸ್ಟರ್ ಕೂಡುವುದು), ಮೈಕೆಲ್ (ಅದಕ್ಕೆ ಇನ್ನೊಂದು ಭಾಗ ಸೇರುವುದು) ಅಂತ ಎರಡು ಹಂತ ಬರುತ್ತವಲ್ಲ, ಅದನ್ನೇ ಬಿಡಿಸಿ ಮಾಡುವುದು ಅಷ್ಟೇ. ಮೆಕ್ಯಾನಿಸಂ ಪರೀಕ್ಷೆಗೆ ಮಾತ್ರ ಅಂದುಕೊಂಡವರಿಗೆ ಈ ಉದಾಹರಣೆ ನಾನು ಯಾವಾಗಲೂ ಹೇಳುತ್ತೇನೆ.

ಮರುಪ್ರಶ್ನೆ (ಅದೇ ವಿದ್ಯಾರ್ಥಿನಿ): ಅರೋಮ್ಯಾಟಿಕ್ (ಬೆಂಜೀನ್ ಥರದ ಉಂಗುರ) ಆದರೆ ಇನ್ನೂ ಸ್ಥಿರ ಅಲ್ವಾ ಮೇಡಂ? ಮತ್ತೆ ಮೊದಲೇ ಯಾಕೆ ನಿಲ್ಲಿಸುವುದು?

ಉತ್ತರ: ಸ್ಥಿರ ಹೌದು, ಆದರೆ ಔಷಧವಾಗಿ ಸತ್ತ ಹಾಗೆ. ಡೈಹೈಡ್ರೋಪಿರಿಡಿನ್ ಉಂಗುರ ಚಪ್ಪಟೆ ಅಲ್ಲ, ತುಸು ದೋಣಿಯಂತೆ ಬಾಗಿರುತ್ತದೆ. ಅದರ ಮೇಲೆ ಬೆಂಜೀನ್ ಉಂಗುರ ಹೆಚ್ಚುಕಮ್ಮಿ ನೆಟ್ಟಗೆ ನಿಂತಿರುತ್ತದೆ. ರಕ್ತನಾಳದ ಸ್ನಾಯುವಿಗೆ ಕ್ಯಾಲ್ಸಿಯಂ ಒಳಬಿಡುವ ಬಾಗಿಲಾದ ಕ್ಯಾಲ್ಸಿಯಂ ಚಾನೆಲ್‌ನಲ್ಲಿ ಈ ಆಕಾರ ಕೂರುತ್ತದೆ. ನೈಟ್ರೋಜನ್ ಮೇಲಿನ ಹೈಡ್ರೋಜನ್ ಕೂಡ ಬೇಕು. ಎರಡು ಹೈಡ್ರೋಜನ್ ಕಳೆದುಕೊಂಡು ಪಿರಿಡಿನ್ ಆಯಿತೋ, ಉಂಗುರ ಚಪ್ಪಟೆ, ಆ ಹೈಡ್ರೋಜನ್ನೂ ಇಲ್ಲ.

ನಮ್ಮ ದೇಹ ಔಷಧವನ್ನು ಮುಗಿಸುವುದೂ ಹೀಗೇ. ಲಿವರ್ ಮತ್ತು ಕರುಳಿನ ಗೋಡೆಯಲ್ಲಿ ಸಿ.ವೈ.ಪಿ.3ಎ4 ಎಂಬ ಎಂಜೈಮ್ ಇದೆ. ನೀವು ನೈಟ್ರಿಕ್ ಆಮ್ಲದಿಂದ ಮಾಡುವುದನ್ನು ಅದು ಸದ್ದಿಲ್ಲದೆ ಮಾಡುತ್ತದೆ. ನಿಫೆಡಿಪಿನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು 2 ಗಂಟೆ. ಅಮ್ಲೋಡಿಪಿನ್‌ಗೆ 30ರಿಂದ 50 ಗಂಟೆ. ದಿನಕ್ಕೆ ಒಂದೇ ಮಾತ್ರೆ ಸಾಕಾಗುವುದು ಅದಕ್ಕೇ. ಕಾರ್ಖಾನೆಯಲ್ಲಿ ಕ್ಯೂ.ಸಿ.ಯವರು (ಗುಣಮಟ್ಟ ಪರೀಕ್ಷಿಸುವವರು), ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ತೋರಿಸುವ ಎಚ್.ಪಿ.ಎಲ್.ಸಿ. ಗ್ರಾಫ್‌ನಲ್ಲಿ ಕಣ್ಣಿಟ್ಟು ಹುಡುಕುವ ಕಲ್ಮಶಗಳಲ್ಲಿ ಈ ಪಿರಿಡಿನ್ ರೂಪ ಮುಖ್ಯವಾದದ್ದು. ನಿಮ್ಮ ಪುಸ್ತಕದ ಫೈನಲ್ ಪ್ರಾಡಕ್ಟ್ ನಮಗೆ ಇಂಪ್ಯೂರಿಟಿ!

ಪ್ರಶ್ನೆ (ಮೆಡಿಕಲ್ ಶಾಪ್ ನಡೆಸುವವರು, ದಾವಣಗೆರೆ): ನಿಫೆಡಿಪಿನ್ ಬೆಳಕಿಗೆ ಇಡಬಾರದು ಅಂತ ಬರೆದಿರುತ್ತದೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಉತ್ತರ: ಇದೆ ಸರ್. ನಿಫೆಡಿಪಿನ್‌ನಲ್ಲಿ ನೈಟ್ರೋ ಗುಂಪು (ಒಂದು ನೈಟ್ರೋಜನ್, ಎರಡು ಆಮ್ಲಜನಕ) ಉಂಗುರದ ಪಕ್ಕದಲ್ಲೇ ಇದೆ. ಬೆಳಕು ಬಿದ್ದರೆ ಅದೇ ಆಕ್ಸಿಡೈಸ್ ಮಾಡಿಬಿಡುತ್ತದೆ, ಹೊರಗಿನ ರಾಸಾಯನಿಕ ಬೇಕಾಗಿಲ್ಲ. ಉಂಗುರ ಪಿರಿಡಿನ್ ಆಗುತ್ತದೆ, ನೈಟ್ರೋ ಗುಂಪು ಒಂದು ಆಮ್ಲಜನಕ ಕಳೆದುಕೊಂಡು ನೈಟ್ರೋಸೋ ಆಗುತ್ತದೆ. ಹಾಗಾಗಿ ಮಾತ್ರೆಗೆ ಬಣ್ಣದ ಲೇಪ ಇರುತ್ತದೆ. ಮಾತ್ರೆ ಸ್ಟ್ರಿಪ್‌ನಿಂದ ಬಿಡಿಸಿ ಕಿಟಕಿ ಪಕ್ಕ ಡಬ್ಬಿಯಲ್ಲಿ ಇಡುವವರಿಗೆ ದಯವಿಟ್ಟು ಹೇಳಿ. ಅಮ್ಲೋಡಿಪಿನ್ ಇಷ್ಟು ಸೂಕ್ಷ್ಮ ಅಲ್ಲ, ಆದರೂ ಸ್ಟ್ರಿಪ್‌ನಲ್ಲೇ ಇರಲಿ.

ಪ್ರಶ್ನೆ (ಗೃಹಿಣಿ, ದೇವನಹಳ್ಳಿ): ಮೇಡಂ, ನಮ್ಮ ಯಜಮಾನರಿಗೆ ಅಮ್ಲೋಡಿಪಿನ್ 5 ಎಂ.ಜಿ. ಕೊಟ್ಟಿದ್ದಾರೆ. ಬಿ.ಪಿ. ಮಾತ್ರೆ ಜೊತೆ ಚಕ್ಕೋತ ತಿನ್ನಬಾರದು ಅಂತ ವಾಟ್ಸ್ಯಾಪ್‌ನಲ್ಲಿ ಬಂತು. ನಮ್ಮ ಹಿತ್ತಲಲ್ಲೇ ಮರ ಇದೆ.

ಉತ್ತರ: ವಾಟ್ಸ್ಯಾಪ್ ಮಾತು ಪೂರ್ತಿ ಸುಳ್ಳಲ್ಲ ಅಮ್ಮ, ಆದರೆ ನಿಮ್ಮ ಮಾತ್ರೆಗೆ ಅಷ್ಟಾಗಿ ಅನ್ವಯಿಸುವುದಿಲ್ಲ. ಫೆಲೋಡಿಪಿನ್ ಎಂಬ ಇನ್ನೊಂದು ಡೈಹೈಡ್ರೋಪಿರಿಡಿನ್ ಇದೆ. ಅದರ ಜೊತೆ ಮದ್ಯ ಕುಡಿದರೆ ಏನಾಗುತ್ತದೆ ಎಂದು ಕೆನಡಾದಲ್ಲಿ ಪರೀಕ್ಷಿಸಿದರು. ಮದ್ಯದ ರುಚಿ ಗೊತ್ತಾಗದಿರಲಿ ಅಂತ ಗ್ರೇಪ್‌ಫ್ರೂಟ್ ರಸ ಬೆರೆಸಿದ್ದರು. ರಕ್ತದಲ್ಲಿ ಔಷಧ ವಿಪರೀತ ಏರಿತು. 1989ರಲ್ಲಿ ಪ್ರಕಟವಾದ ಆ ಕೆಲಸದಿಂದಲೇ ರಸದ ಗುಟ್ಟು ಹೊರಬಿತ್ತು. ರಸದಲ್ಲಿರುವ, ಫ್ಯುರಾನ್ ಉಂಗುರವುಳ್ಳ ಫ್ಯುರಾನೋಕೂಮರಿನ್‌ಗಳು ಔಷಧವನ್ನು ಮುಗಿಸುವ ಕರುಳಿನ ಅದೇ ಸಿ.ವೈ.ಪಿ.3ಎ4 ಎಂಜೈಮನ್ನು ಕೆಡಿಸುತ್ತವೆ. (ಹುಡುಗಿ, ನೋಡು: ಫ್ಯುರಾನ್ ಕೂಡ ಆಮ್ಲಜನಕ ಇರುವ ಅರೋಮ್ಯಾಟಿಕ್ ಹೆಟರೋಸೈಕಲ್. ಉಪಯೋಗದ ಪ್ರಶ್ನೆಗೆ ಬರೆದುಕೋ.)

ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತ ಮತ್ತು ಕಿತ್ತಳೆಯ ಮಿಶ್ರಣದಿಂದ. ಚಕ್ಕೋತದಲ್ಲೂ ಇವು ಇರುತ್ತವೆ. ಫೆಲೋಡಿಪಿನ್‌ನ ಹೆಚ್ಚಿನ ಪಾಲು ರಕ್ತ ಸೇರುವ ಮೊದಲೇ ನಾಶವಾಗುತ್ತದೆ, ಅದಕ್ಕೇ ತಡೆ ಬಿದ್ದರೆ ಏರುಪೇರು ಜಾಸ್ತಿ. ಅಮ್ಲೋಡಿಪಿನ್‌ನ ಬಹುಪಾಲು ಹೇಗೂ ರಕ್ತ ಸೇರುತ್ತದೆ, ವ್ಯತ್ಯಾಸ ಸಣ್ಣದು. ಆದರೆ ಕೊಲೆಸ್ಟರಾಲ್‌ಗೆ ಅಂತ ಬೇರೆ ಮಾತ್ರೆಯೂ ಇದ್ದರೆ ಲೆಕ್ಕ ಬದಲಾಗುತ್ತದೆ. ಮಾತ್ರೆಗಳ ಚೀಟಿ ಹಿಡಿದು ನಿಮ್ಮ ಡಾಕ್ಟರನ್ನೇ ಕೇಳಿ. ನಾನು ಕೆಮಿಸ್ಟ್, ಡಾಕ್ಟರ್ ಅಲ್ಲ.

ಪ್ರಶ್ನೆ (ಅದೇ ವಿದ್ಯಾರ್ಥಿನಿ): ಕೊನೆಯದು ಮೇಡಂ. ಇದನ್ನು ನಮ್ಮ ಕಾಲೇಜು ಲ್ಯಾಬ್‌ನಲ್ಲಿ ಮಾಡಬಹುದಾ?

ಉತ್ತರ: ಧಾರಾಳವಾಗಿ, ನಿಮ್ಮ ಲೆಕ್ಚರರ್ ಜೊತೆಗಿದ್ದರೆ. ಔಷಧ ಬೇಡ, ಸರಳ ಹಾಂಟ್ಶ್ ಎಸ್ಟರ್ ಮಾಡಿ. ಫಾರ್ಮಾಲಿನ್ (ನೀರಿನಲ್ಲಿ ಫಾರ್ಮಾಲ್ಡಿಹೈಡ್ ದ್ರಾವಣ), ಈಥೈಲ್ ಅಸಿಟೋಅಸಿಟೇಟ್, ಅಮೋನಿಯಂ ಅಸಿಟೇಟ್. ಫಾರ್ಮಾಲಿನ್ ಫ್ಯೂಮ್ ಹುಡ್ ಒಳಗೇ ಅಳೆಯಿರಿ. ಬಿಸಿ ಮಾಡುತ್ತಿದ್ದಂತೆ ದ್ರಾವಣ ಹಳದಿಗೆ ತಿರುಗುತ್ತದೆ, ತಣಿದರೆ ತಿಳಿ ಹಳದಿ ಹರಳು ಬೀಳುತ್ತದೆ. ಎಣ್ಣೆಯಂತೆ ಅಂಟಿಕೊಂಡರೆ ಐಸ್ ಬಾತ್‌ನಲ್ಲಿಟ್ಟು ಗಾಜಿನ ಕಡ್ಡಿಯಿಂದ ಒಳಗೋಡೆ ಉಜ್ಜಿ. ಟಿ.ಎಲ್.ಸಿ. ಪ್ಲೇಟನ್ನು (ಮಿಶ್ರಣದ ಘಟಕಗಳನ್ನು ಚುಕ್ಕೆಗಳಾಗಿ ಬೇರ್ಪಡಿಸುವ ತಟ್ಟೆ) ಉದ್ದ ತರಂಗದ ಯು.ವಿ. ದೀಪದ ಕೆಳಗೆ ಹಿಡಿದರೆ ಚುಕ್ಕೆ ನೀಲಿಯಾಗಿ ಹೊಳೆಯುತ್ತದೆ. ಆಕ್ಸಿಡೈಸ್ ಮಾಡಿದ ಮೇಲೆ ಇನ್ನೊಂದು ಚುಕ್ಕೆ ಪಕ್ಕದಲ್ಲಿಟ್ಟು ನೋಡಿ, ಆ ಹೊಳಪು ಹೋಗಿರುತ್ತದೆ. ಫೋಟೋ ತೆಗೆದರೆ ಇಲ್ಲೇ ಹಾಕಿ.