ಹಳೆ ಕಾರಿನ ಎಡಗಡೆ ಕಟ ಕಟ ಸದ್ದು, ಜೊತೆಗೆ ಎಬಿಎಸ್ ದೀಪ: ಎರಡೂ ಒಂದೇ ರೋಗನಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು 2012ರ ಡೀಸೆಲ್ ಹ್ಯಾಚ್‌ಬ್ಯಾಕ್, 1,38,000 ಕಿಲೋಮೀಟರ್ ಓಡಿದೆ. ವಾರಕ್ಕೆ ಮೂರು ಸಲ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗಿ ಬರುತ್ತೇನೆ. ಸಣ್ಣ ಗುಂಡಿ ಸಿಕ್ಕಿದರೂ ಮುಂದಿನ ಎಡಗಡೆಯಿಂದ ಕಟ ಕಟ ಅಂತ ಸದ್ದು. ಅದರ ಜೊತೆ ಎಬಿಎಸ್ (ಜೋರಾಗಿ ಬ್ರೇಕ್ ತುಳಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ ಬೇರೆ. ಕೀ ತಿರುಗಿಸಿದಾಗ ಹತ್ತಿ ಆರುತ್ತದೆ, ಗೇಟು ದಾಟಿ ಸ್ವಲ್ಪ ಸ್ಪೀಡ್ ಹಿಡಿಯುತ್ತಿದ್ದಂತೆ ಮತ್ತೆ ಹತ್ತಿಕೊಂಡು ಹಾಗೇ ಉಳಿಯುತ್ತದೆ. ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಎಬಿಎಸ್ ಮಾಡ್ಯೂಲ್ ಹೋಗಿದೆ, 42 ಸಾವಿರ ಆಗುತ್ತದೆ ಎಂದರು. ಮುಂದಿನ ತಿಂಗಳು ಮನೆಯವರನ್ನೆಲ್ಲ ಕರೆದುಕೊಂಡು ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಬೇಕು. ಭಯ ಆಗುತ್ತಿದೆ. ಏನು ಮಾಡಲಿ?

ಉತ್ತರ: ಮೇಡಂ, ಮೊದಲು ಭಯದ ಮಾತು. ಹಳದಿ ಎಬಿಎಸ್ ದೀಪ ಒಂದೇ ಹತ್ತಿದ್ದರೆ ಮಾಮೂಲಿ ಬ್ರೇಕ್ ಹಿಡಿಯುತ್ತದೆ. ಆದರೆ ಒದ್ದೆ ರಸ್ತೆಯಲ್ಲಿ ಜೋರಾಗಿ ತುಳಿದರೆ ಚಕ್ರ ಲಾಕ್ ಆಗಿ ಜಾರಬಹುದು. ಕೆಂಪು ಬ್ರೇಕ್ ದೀಪವೂ ಜೊತೆಗೆ ಹತ್ತಿದರೆ ಗಾಡಿ ಓಡಿಸಲೇಬೇಡಿ. ಬ್ರೇಕ್ ಆಯಿಲ್ ಇಳಿದಿರಬಹುದು, ಅಥವಾ ಮುಂದೆ ಹಿಂದೆ ಬ್ರೇಕ್ ಹಂಚುವ ವ್ಯವಸ್ಥೆಯೇ ನಿಂತಿರಬಹುದು.

ಇನ್ನು ಮಾಡ್ಯೂಲ್, ಅಂದರೆ ಎಬಿಎಸ್ ನಡೆಸುವ ಪೆಟ್ಟಿಗೆ. ನೀವು ಬರೆದ ಒಂದು ವಿಷಯ ನನಗೆ ಬಹಳ ಮುಖ್ಯ: ದೀಪ ಆರುತ್ತದೆ, ಗಾಡಿ ಓಡಿದ ಮೇಲೆ ಹತ್ತುತ್ತದೆ. ಮಾಡ್ಯೂಲ್ ಒಳಗೇ ಕೆಟ್ಟಿದ್ದರೆ ಅಥವಾ ಚಕ್ರದ ಸ್ಪೀಡ್ ಅಳೆಯುವ ಸೆನ್ಸರ್‌ನ ವೈರ್ ತುಂಡಾಗಿದ್ದರೆ ಸಾಮಾನ್ಯವಾಗಿ ಕೀ ಹಾಕಿದಾಗಲೇ ಗೊತ್ತಾಗಿ ದೀಪ ಆರುವುದೇ ಇಲ್ಲ. ಓಡಿದ ಮೇಲೆ ಹತ್ತಿದರೆ, ಮೂರು ಚಕ್ರ ಸ್ಪೀಡ್ ಹೇಳುತ್ತಿವೆ, ಒಂದು ಸುಮ್ನೆ ಕೂತಿದೆ ಅಂತಲೇ ನನ್ನ ಮೊದಲ ಅನುಮಾನ. ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಇರುವವರ ಹತ್ತಿರ ಹೋಗಿ. ಕೋಡ್ ಓದಿಸಿ ಅಷ್ಟಕ್ಕೇ ಬಿಡಬೇಡಿ. ಲೈವ್ ಡೇಟಾದಲ್ಲಿ ನಾಲ್ಕು ಚಕ್ರದ ಸ್ಪೀಡನ್ನೂ ಒಟ್ಟಿಗೆ ಇಟ್ಟುಕೊಂಡು 20 ಕಿಲೋಮೀಟರ್ ಸ್ಪೀಡಿನಲ್ಲಿ ಒಂದು ಸುತ್ತು ಹೋಗಿ. ಯಾವುದು ಸೊನ್ನೆ ತೋರಿಸುತ್ತದೋ ಅಲ್ಲಿಂದ ಕೆಲಸ ಶುರು.

ಸದ್ದಿಗೆ ನೀವೇ ಒಂದು ಪರೀಕ್ಷೆ ಮಾಡಿ. ಹಂಪ್ ಮೇಲೆ ನೇರವಾಗಿ, ಎರಡೂ ಮುಂದಿನ ಚಕ್ರ ಒಟ್ಟಿಗೆ ಏರುವ ಹಾಗೆ ನಿಧಾನ ಹೋಗಿ. ಆಮೇಲೆ ಎಡ ಚಕ್ರ ಒಂದನ್ನೇ ಗುಂಡಿಗೆ ಇಳಿಸಿ. ಎರಡಕ್ಕೂ ಸದ್ದು ಒಂದೇನಾ ನೋಡಿ. ಇನ್ನೊಂದು ಪ್ರಶ್ನೆ: ಈಚೆಗೆ ಆ ಚಕ್ರಕ್ಕೆ ಯಾರಾದರೂ ಕೈ ಹಾಕಿದ್ದಾರಾ?

ಪ್ರಶ್ನೆ: ಮಾಡಿದೆ ಸರ್. ಹಂಪ್ ಮೇಲೆ ಸದ್ದೇ ಇಲ್ಲ! ಒಂದು ಚಕ್ರ ಗುಂಡಿಗೆ ಬಿದ್ದರೆ ಮಾತ್ರ ಕಟ ಕಟ. ಸ್ಕ್ಯಾನರ್‌ನಲ್ಲಿ ಮುಂದಿನ ಎಡಗಡೆ ಸೊನ್ನೆ, ಉಳಿದ ಮೂರೂ 20, 21 ತೋರಿಸಿದವು. ಮತ್ತೆ, ನಾಲ್ಕು ತಿಂಗಳ ಹಿಂದೆ ಅದೇ ಚಕ್ರ ಗುಂಯ್ ಅನ್ನುತ್ತಿತ್ತು ಅಂತ ಬೇರಿಂಗ್ ಬದಲಾಯಿಸಿದ್ದೆವು. ದೀಪ ಶುರುವಾಗಿದ್ದು ಹೆಚ್ಚುಕಮ್ಮಿ ಆಗಿನಿಂದಲೇ. ನಾನು ಎರಡನ್ನೂ ಸೇರಿಸಿ ಯೋಚನೆ ಮಾಡಿರಲಿಲ್ಲ.

ಉತ್ತರ: ಸಿಕ್ಕಿತು ಅಂದುಕೊಳ್ಳಿ. ಹಳೆ ಮಾದರಿಯ ಗಾಡಿಗಳಲ್ಲಿ ಸೆನ್ಸರ್ ಓದುವುದು ಡ್ರೈವ್ ಶಾಫ್ಟ್ ಮೇಲಿನ ಹಲ್ಲಿನ ರಿಂಗನ್ನು. ಇನ್ನು ಕೆಲವಲ್ಲಿ ಆ ರಿಂಗ್ ಬೇರಿಂಗಿನ ಸೀಲ್ ಒಳಗೇ ಆಯಸ್ಕಾಂತವಾಗಿ ಕೂತಿರುತ್ತದೆ. ನಿಮ್ಮ ಗಾಡಿಯಲ್ಲಿ ಯಾವುದು ಅಂತ ಮೊದಲು ನೋಡಿಸಿ. ಬೇರಿಂಗಿನದ್ದೇ ಆದರೆ ಆ ಮುಖ ಸೆನ್ಸರ್ ಕಡೆಗೇ ಇರಬೇಕು. ತಿರುಗಿಸಿ ಪ್ರೆಸ್ ಮಾಡಿದರೆ ಚಕ್ರ ಚೆನ್ನಾಗೇ ತಿರುಗುತ್ತದೆ, ಸದ್ದೂ ಇರುವುದಿಲ್ಲ, ಆದರೆ ಸೆನ್ಸರ್‌ಗೆ ಏನೂ ಕಾಣಿಸುವುದಿಲ್ಲ. ಆಯಸ್ಕಾಂತವೇ ಇಲ್ಲದ ಸಾದಾ ಬೇರಿಂಗ್ ಹಾಕಿದರೂ ಇದೇ ಕಥೆ. ಕಣ್ಣಿಗೆ ಎರಡು ಮುಖವೂ ಹೆಚ್ಚುಕಮ್ಮಿ ಒಂದೇ ಥರ. ನಾನು ಮಾಡುವುದು ಹೀಗೆ: ಹೊಸ ಬೇರಿಂಗಿನ ಮೇಲೆ ತೆಳು ಕಾಗದ ಇಟ್ಟು, ಗ್ರೈಂಡರ್ ಕೆಳಗೆ ಬಿದ್ದಿರುವ ಕಬ್ಬಿಣದ ಪುಡಿ ಒಂದು ಚಿಟಿಕೆ ಉದುರಿಸಿ ಬೆರಳಲ್ಲಿ ಮೆಲ್ಲಗೆ ತಟ್ಟುತ್ತೇನೆ. ಆಯಸ್ಕಾಂತದ ಮುಖವಾದರೆ ಪುಡಿ ಬಾಚಣಿಗೆ ಹಲ್ಲಿನ ಹಾಗೆ ಸುತ್ತಲೂ ಗೆರೆ ಗೆರೆಯಾಗಿ ನಿಲ್ಲುತ್ತದೆ. ಪುಡಿ ಮಾತ್ರ ಬೇರಿಂಗ್ ಒಳಗೆ ಬೀಳಬಾರದು, ಹುಷಾರು.

ಈಗಿರುವ ಬೇರಿಂಗ್ ತೆಗೆದು ತಿರುಗಿಸಿ ಹಾಕುತ್ತೇವೆ ಎಂದರೆ ಒಪ್ಪಬೇಡಿ. ಹೊರಗೆ ತಳ್ಳುವಾಗ ಬಲ ಗುಂಡುಗಳ ಮೇಲೇ ಬಿದ್ದು ಅದು ಹಾಳಾಗುತ್ತದೆ. ಹೊಸದೇ ಬೇಕು. ತೆಗೆದಾಗ ಸೆನ್ಸರ್ ತುದಿಯನ್ನೂ, ಅದು ಕೂರುವ ತೂತಿನ ತುಕ್ಕನ್ನೂ ಒರೆಸಿಸಿ.

ಕಟ ಕಟ ಮಾತ್ರ ಬೇರೆ ರೋಗ, ಬಹುಶಃ ಲಿಂಕ್ ರಾಡ್. ಎಡ ಬಲ ಚಕ್ರಗಳ ನಡುವೆ ಇರುವ ಸ್ಟೆಬಿಲೈಸರ್ ಬಾರ್‌ನ ತುದಿಗೆ ಜೋಡಿಸಿರುವ ಸಣ್ಣ ಸರಳು ಅದು. ಎರಡೂ ಚಕ್ರ ಒಟ್ಟಿಗೆ ಏರಿದರೆ ಸ್ಟೆಬಿಲೈಸರ್ ಬಾರ್ ತಿರುಚುವುದಿಲ್ಲ, ಲಿಂಕ್‌ಗೆ ಕೆಲಸವಿಲ್ಲ, ಸದ್ದೂ ಇಲ್ಲ. ಒಂದೇ ಚಕ್ರ ಇಳಿದಾಗ ಸವೆದ ಜಾಯಿಂಟ್ ಬಡಿದುಕೊಳ್ಳುತ್ತದೆ. ಇದನ್ನು ಒಂದೇ ಚಕ್ರ ಜಾಕಿ ಎತ್ತಿ ನೋಡಿದರೆ ಸಿಗುವುದಿಲ್ಲ. ಆಗ ಬಾರ್ ತಿರುಚಿ ಲಿಂಕನ್ನು ಬಿಗಿ ಹಿಡಿದಿರುತ್ತದೆ, ಪ್ಲೇ (ಸಡಿಲ) ಅಡಗಿಹೋಗುತ್ತದೆ. ಗಾಡಿಯನ್ನು ಪಿಟ್ ಮೇಲೆ ನಿಲ್ಲಿಸಿ, ಚಕ್ರ ನೆಲದ ಮೇಲೇ ಇರಲಿ, ಕೆಳಗಿನಿಂದ ಲಿಂಕನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಲಿ. ಅಲ್ಲಿರುವಾಗಲೇ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮ್‌ನ ಬಾಲ್ ಜಾಯಿಂಟನ್ನೂ ರಾಡ್ ಕೊಟ್ಟು ಎತ್ತಿ ನೋಡಿಸಿ. ಲಿಂಕ್ ಸದ್ದು ಕಿವಿಗೆ ಹಿಂಸೆ ಅಷ್ಟೇ, ಬಾಲ್ ಜಾಯಿಂಟ್ ಕಳಚಿದರೆ ಚಕ್ರವೇ ಮಲಗುತ್ತದೆ.

ಇನ್ನೊಬ್ಬರು: ಅಣ್ಣಾ, ನಂದು 2009ರ ಗಾಡಿ. ದೀಪ ಏನೂ ಇಲ್ಲ, ಆದರೆ ಸಿಗ್ನಲ್‌ನಲ್ಲಿ ನಿಲ್ಲಿಸುವಾಗ ಕೊನೆ ಗಳಿಗೆಯಲ್ಲಿ ಪೆಡಲ್ ಗರ ಗರ ಅನ್ನುತ್ತದೆ, ಗಾಡಿ ಒಂದು ಮೊಳ ಮುಂದೆ ಹೋಗುತ್ತದೆ. ಎಬಿಎಸ್ ಫ್ಯೂಸ್ ಕಿತ್ತುಬಿಡಲಾ?

ಉತ್ತರ: ಬೇಡ ತಮ್ಮಾ. ಕಿತ್ತರೆ ಗರ ಗರ ನಿಲ್ಲುತ್ತದೆ, ಜೊತೆಗೆ ಎಬಿಎಸ್ಸೂ ಹೋಗುತ್ತದೆ. ಸ್ಪೀಡ್ ಕಡಿಮೆಯಾದಾಗ ಒಂದು ಸೆನ್ಸರ್‌ನ ಸಿಗ್ನಲ್ ಉಳಿದವಕ್ಕಿಂತ ಮೊದಲೇ ಸತ್ತುಹೋಗುತ್ತಿದೆ. ಚಕ್ರ ಲಾಕ್ ಆಯಿತು ಅಂತ ತಪ್ಪು ತಿಳಿದು ಎಬಿಎಸ್ ಬ್ರೇಕ್ ಬಿಡುತ್ತಿದೆ. ಹಲ್ಲಿನ ರಿಂಗ್ ಬಿರುಕು ಬಿಟ್ಟಿದೆಯಾ, ತುಕ್ಕು ಕಟ್ಟಿದೆಯಾ ನೋಡಿಸು. ಲೈವ್ ಡೇಟಾದಲ್ಲಿ ನಿಲ್ಲುವ ಹೊತ್ತಿಗೆ ಯಾವ ಚಕ್ರ ಮೊದಲು ಸೊನ್ನೆಗೆ ಬೀಳುತ್ತದೋ ಅದೇ ಕಳ್ಳ. ರಿಪೇರಿ ಆಗುವ ತನಕ ಮುಂದಿನ ಗಾಡಿಗೆ ಅಂತರ ಜಾಸ್ತಿ ಬಿಡು.

ಪ್ರಶ್ನೆ: ಸರ್, ಇವತ್ತು ಕೆಲಸ ಮುಗಿಯಿತು. ಬೇರಿಂಗ್ ತಿರುಗಾಮುರುಗಾ ಹಾಕಿದ್ದೇ ನಿಜ. ಹೊಸದರ ಮೇಲೆ ಪುಡಿಯ ಗೆರೆ ನಾನೇ ಕಣ್ಣಾರೆ ನೋಡಿದೆ! ದೀಪ ಆರಿದೆ. ಎರಡೂ ಕಡೆ ಲಿಂಕ್ ರಾಡ್ ಹಾಕಿಸಿದೆ, ಕಟ ಕಟ ಹೋಯಿತು. ಎಡಗಡೆ ಲೋವರ್ ಆರ್ಮ್ ಬುಷ್ ಹರಿದಿದೆ ಅಂತ ಅದನ್ನೂ ಬದಲಾಯಿಸಿದರು. ಎಲ್ಲ ಸೇರಿ ಮಾಡ್ಯೂಲ್‌ಗೆ ಹೇಳಿದ್ದರ ಕಾಲು ಭಾಗವೂ ಆಗಲಿಲ್ಲ. ಈಗ ಗಾಡಿ ಶುರು ಮಾಡಿ ಹೊರಟ ತಕ್ಷಣ ಒಂದೇ ಒಂದು ಸಲ ಸಣ್ಣಗೆ ಟಕ್ ಅನ್ನುತ್ತದೆ. ಅದೇನು?

ಉತ್ತರ: ಬಹಳ ಸಂತೋಷ ಮೇಡಂ. ಹೊರಟಾಗ ಒಂದೇ ಸಲ ಬರುವ ಟಕ್ ಹೆಚ್ಚಾಗಿ ಎಬಿಎಸ್ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುವ ಸದ್ದು. ಇಷ್ಟು ದಿನ ದೀಪ ಹತ್ತಿ ಅದು ಮಲಗಿತ್ತು, ಈಗ ಎದ್ದಿದೆ. ಮತ್ತೆ ಮತ್ತೆ ಬಂದರೆ ಮಾತ್ರ ಚಕ್ರದ ನಡುವಿನ ಹಬ್ ನಟ್ ಬಿಗಿ ನೋಡಿಸಿ.

ಒಂದು ಕೆಲಸ ಬಾಕಿ ಇದೆ. ಲೋವರ್ ಆರ್ಮ್ ಬೋಲ್ಟ್‌ಗಳನ್ನು ಕೊನೆಯ ಬಿಗಿ ಕೊಡುವಾಗ ಗಾಡಿಯ ಭಾರ ಚಕ್ರದ ಮೇಲೆ ಇತ್ತಾ ಅಂತ ಕೇಳಿ. ಎತ್ತಿದ್ದಾಗಲೇ ಬಿಗಿ ಮಾಡಿದ್ದರೆ ಇಳಿಸಿದ ಮೇಲೆ ಬುಷ್ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಹಾಗೇನಾದರೂ ಆಗಿದ್ದರೆ ಸಡಿಲಿಸಿ, ನೆಲದ ಮೇಲೆ ನಿಲ್ಲಿಸಿ, ಮತ್ತೆ ಬಿಗಿ ಮಾಡಿಸಿ. ಆಮೇಲೆ ವೀಲ್ ಅಲೈನ್‌ಮೆಂಟ್. ಬ್ರೇಕ್ ಆಯಿಲ್ ಎರಡು ವರ್ಷ ದಾಟಿದ್ದರೆ ಘಾಟಿಗೆ ಮೊದಲೇ ಬದಲಾಯಿಸಿ, ಇಳಿಯುವಾಗ ಎರಡನೇ ಗೇರಿನಲ್ಲಿ ಇಳಿಯಿರಿ.