17ನೇ ನಂಬರಿನ ಜಗಳ

(ನಮ್ಮ ಕಾರವಾರ ಹೈಸ್ಕೂಲು ಬ್ಯಾಚಿನ ಗುಂಪಿನಲ್ಲಿ ಭಾನುವಾರ ನಡೆದದ್ದು. ನಡುವೆ ಬಂದ ಗುಡ್ ಮಾರ್ನಿಂಗ್ ಹೂವುಗಳನ್ನೆಲ್ಲ ತೆಗೆದಿದ್ದೇನೆ.)

ಆಗ್ನೆಲ್: [ಫೋಟೊ] ನಮ್ಮ ಇಗರ್ಜಿಯ ಹುಡುಗರು ಮಾಡಿದ ಚಾರ್ಟು. ಈಸ್ಟರ್‌ಗೆ ಮೊದಲಿನ ತಪಸ್ಸು ಕಾಲದ 40 ದಿನಕ್ಕೆ 40 ಸಣ್ಣ ಕೆಲಸ. ಕ್ರಿಶ್ಚಿಯನ್ನರೇ ಮಾಡಬೇಕು ಅಂತೇನಿಲ್ಲ.

ಗಣಪತಿ: ಓದಿದೆ ಮಾರಾಯ. 3, ಪಕ್ಕದ ಮನೆಯವರನ್ನು ನಗುತ್ತಾ ಮಾತಾಡಿಸಿ. 9, ಬಸ್ಸಿನಲ್ಲಿ ಸೀಟು ಬಿಟ್ಟುಕೊಡಿ. ಇದಕ್ಕೆ ಟಿಕ್ ಮಾರ್ಕ್ ಬೇರೆ! ಈ ಜಿಲ್ಲೆಯಲ್ಲಿ ತಲೆಗೆ ಪೆಟ್ಟಾದರೆ ಗೋವಾಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಓಡಬೇಕು. ದೊಡ್ಡ ಆಸ್ಪತ್ರೆ ಕೊಡಿ ಅಂತ ವರ್ಷಗಟ್ಟಲೆ ಬಾಯಿ ಬಡಿದುಕೊಂಡಾಯ್ತು. ನೀವು ನಗುತ್ತಾ ಕೂತಿರಿ.

ಸಲೀಂ: ಶುಕ್ರವಾರ ಮಾಂಸ ಬಿಟ್ಟು ಇಸವಣ ಮೀನು ತಿನ್ನುವುದು ಎಷ್ಟನೇ ನಂಬರ್? 😄

ಆಗ್ನೆಲ್: ಅದು ನಮ್ಮ ಮನೆಯಲ್ಲೇ ಜಗಳ. ಉಳಿದ ದುಡ್ಡು ಬಡವರಿಗೆ ಹೋದರೆ ಉಪವಾಸ, ಇಲ್ಲದಿದ್ದರೆ ಸುಮ್ನೆ ಅಡುಗೆ ಬದಲಾಯಿಸಿದ ಹಾಗೆ ಅನ್ನುತ್ತಾಳೆ ಅಮ್ಮ.

ಫಿಲೋಮಿನಾ: ಗಣಪತಿ, ಆಸ್ಪತ್ರೆ ಬೇಕು. ಮನವಿಗೆ ನಾನೂ ಸಹಿ ಹಾಕಿದ್ದೇನೆ. ಅದು ಬರುವ ತನಕ ನಮ್ಮ ಕೇರಿಯ ಅಜ್ಜನನ್ನು ಗೋವಾದ ಬಾಂಬೋಳಿ ಆಸ್ಪತ್ರೆಗೆ ಕರೆದುಕೊಂಡು ಹೋಗುವವರು ಯಾರು? ಮಗ ದುಬೈಯಲ್ಲಿ. ಬೆಳಗಿನ ಬಸ್ಸು ಹಿಡಿಯಬೇಕು. ಕೇಸ್ ಪೇಪರಿಗೆ ಒಂದು ಸಾಲು, ರಕ್ತ ಕೊಡಲು ಇನ್ನೊಂದು ಸಾಲು. ಓದಲು ಬಾರದವರಿಗೆ ಬಾಗಿಲು ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ. ಜೊತೆಗೆ ಹೋದವರು ಏನು ಮಾಡುತ್ತಾರೆ ಹೇಳು? ಫೈಲ್ ಹಿಡಿದು ನಿಲ್ಲುತ್ತಾರೆ. ಬಚ್ಚಲಿಗೆ ಕರೆದೊಯ್ಯುತ್ತಾರೆ. ಡಬ್ಬಿಯ ಗಂಜಿ ಉಣಿಸುತ್ತಾರೆ. ಇದಕ್ಕೆ ಯಾರೂ ಹಾರ ಹಾಕುವುದಿಲ್ಲ.

ಗಣಪತಿ: ಅದು ಸಣ್ಣ ಕೆಲಸ ಅಲ್ಲವೇ ಅಲ್ಲ. ನಾನು ಹೇಳಿದ್ದು ಈ ನಗುವ ಕೆಲಸದ ಬಗ್ಗೆ.

ಫಿಲೋಮಿನಾ: ನಗುವುದೂ ಅಷ್ಟು ಸಲೀಸಲ್ಲ. ಗುಲಾಬಿ ಹಿಡಿದುಕೊಂಡ ಸಂತಳ ಫೋಟೊ ನಮ್ಮ ಮನೆಯಲ್ಲಿ ನೋಡಿದ್ದೀಯಲ್ಲ, ಫ್ರಾನ್ಸಿನ ಲಿಸ್ಯೂ ಊರಿನ ತೆರೇಜಾ. 15ನೇ ವಯಸ್ಸಿಗೆ ಮಠ ಸೇರಿದಳು. 1897ರಲ್ಲಿ ಕ್ಷಯ ಬಂದು 24ಕ್ಕೇ ತೀರಿಕೊಂಡಳು. ಆ ಮಠದಲ್ಲಿ ಒಬ್ಬ ಮುದುಕಿ ಸಿಸ್ಟರ್. ಏನು ಮಾಡಿದರೂ ತಪ್ಪು. ಬೇಗ ನಡೆಸಿದರೆ 'ಬೀಳಿಸುತ್ತೀಯಾ' ಅನ್ನುವವಳು, ನಿಧಾನ ಮಾಡಿದರೆ 'ಕೈ ಬಿಟ್ಟೆಯಾ' ಅನ್ನುವವಳು. ತೆರೇಜಾ ದಿನಾ ಸಂಜೆ ಅವಳನ್ನು ಊಟದ ಕೋಣೆಗೆ ನಡೆಸಿ, ಕೂರಿಸಿ, ಅವಳ ಅಂಗಿಯ ತೋಳು ಮಡಚಿಕೊಡಬೇಕಿತ್ತು. ಬ್ರೆಡ್ ಕತ್ತರಿಸಲು ಮುದುಕಿಗೆ ಕೈ ಏಳುತ್ತಿರಲಿಲ್ಲ. ಯಾರೂ ಹೇಳದೆ ಅದನ್ನೂ ಕತ್ತರಿಸಿಟ್ಟು, ಒಂದು ಚಂದದ ನಗೆ ನಕ್ಕು ಹೊರಡುತ್ತಿದ್ದಳು. ಧರ್ಮಪ್ರಚಾರಕ್ಕೆ ಅಂತ ಎಲ್ಲಿಗೂ ಹೋದವಳಲ್ಲ. ಆದರೂ 1925ರಲ್ಲಿ ಸಂತ ಪದವಿ, 1927ರಲ್ಲಿ ಮಿಶನ್‌ಗಳ ಪಾಲಕಿ ಅಂತ ಹೆಸರು.

ಗಣಪತಿ: ಅವಳ ಹತ್ತಿರ ಚಾರ್ಟು ಇತ್ತಾ?

ಫಿಲೋಮಿನಾ: ಇತ್ತು! ಚಿಕ್ಕವಳಿದ್ದಾಗ ಒಂದು ಮಣಿಸರ. ಒಳ್ಳೆ ಕೆಲಸ ಮಾಡಿದಾಗೆಲ್ಲ ಒಂದು ಮಣಿ ಸರಿಸುವುದು. ಅದು ಜೇಬಿನೊಳಗೆ ಇರುತ್ತಿತ್ತು, ಸ್ಟೇಟಸ್‌ನಲ್ಲಲ್ಲ.

ನಾನು: ಹಾಗಾದರೆ 17 ನೋಡಿ. 'ಬಡ ಕುಟುಂಬಕ್ಕೆ ರೇಷನ್ ಕಿಟ್ ಕೊಟ್ಟು ಫೋಟೊ ಹಂಚಿಕೊಳ್ಳಿ.' ಇದು ಯಾಕೆ? ಎರಡು ಮಳೆಗಾಲದ ಹಿಂದೆ ಟ್ರಾಲಿಂಗ್ (ಬೋಟಿನ ಮೀನುಗಾರಿಕೆ) ಬಂದ್ ಇದ್ದಾಗ ಒಂದು ಸಂಘದವರು ಬೋಟಿನ ಕೆಲಸಗಾರರ ಮನೆಗಳಿಗೆ ಅಕ್ಕಿ ಹಂಚಿದರು. ಜೂನ್, ಜುಲೈ ದುಡಿಮೆ ಇಲ್ಲ, ಅಕ್ಕಿ ಬೇಕೇ ಬೇಕಿತ್ತು. ಚೀಲದ ಒಂದು ತುದಿ ತಾಯಿಯ ಕೈಯಲ್ಲಿ, ಇನ್ನೊಂದು ತುದಿಯಲ್ಲಿ ಆರು ಜನ ಗಂಡಸರ ಕೈ. ಆ ಫೋಟೊ ಎಲ್ಲರ ಮೊಬೈಲಿಗೆ ಬಂತು. ಅವಳ ಮಗಳು ನಾನು ಕಲಿಸುವ ಕ್ಲಾಸಿನವಳು. ಹುಡುಗರು ಅವಳನ್ನು 'ಕಿಟ್' ಅಂತಲೇ ಕರೆಯಲು ಶುರು ಮಾಡಿದರು. ಅಕ್ಕಿ ಮುಗಿಯಿತು, ಹೆಸರು ಮುಗಿಯಲಿಲ್ಲ.

ಸಲೀಂ: ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತ ನಮ್ಮ ಹದೀಸ್‌ನಲ್ಲಿದೆ. ನಿಮ್ಮಲ್ಲೂ ಇದೆ ಅಲ್ವಾ ಆಗ್ನೆಲ್?

ಆಗ್ನೆಲ್: ಬೈಬಲಿನ ಮತ್ತಾಯ 6ರಲ್ಲಿ ಇದೆ. ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರ ಪೂಜೆಯಲ್ಲಿ ಓದುವುದೇ ಅದನ್ನು. ಆದರೆ ಫೋಟೊ ಪೂರ್ತಿ ಕೆಟ್ಟದ್ದಾ? 2019ರ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟಿನ ಗೇಟ್ ತೆಗೆದು ಕಾಳಿ ನದಿ ದಂಡೆಯ ಮನೆಗಳಿಗೆ ನೀರು ನುಗ್ಗಿದಾಗ, ಫೋಟೊ ನೋಡಿಯೇ ಅಲ್ವಾ ನೀವೆಲ್ಲ ಚಾಪೆ, ಚಾದರ ಕಳಿಸಿದ್ದು?

ನಾನು: ಅದು ಮುಳುಗಿದ ಮನೆಯ ಫೋಟೊ. ಇದು ಕೈಚಾಚಿದವಳ ಮುಖ. ಎರಡೂ ಒಂದೇ ಹೇಗಾಗುತ್ತದೆ?

ಆಗ್ನೆಲ್: ದುಡ್ಡು ಕೊಟ್ಟವರು ಪುರಾವೆ ಕೇಳುತ್ತಾರೆ ಮಾರಾಯ್ತಿ. ಹುಡುಗರು ಏನು ತೋರಿಸಬೇಕು?

ಗಣಪತಿ: ಅಂಗಡಿ ಬಿಲ್ ತೋರಿಸಲಿ. ಅಕ್ಕಿ ಚೀಲ ತೋರಿಸಲಿ.

ಅಕ್ಕೋರು: ಎಲ್ಲರೂ ಚೆನ್ನಾಗಿ ವಾದ ಮಾಡುತ್ತಿದ್ದೀರಿ, ನನ್ನ ಕ್ಲಾಸಿನಲ್ಲಿ ಬಾಯಿ ಬಿಡುತ್ತಿರಲಿಲ್ಲ. ಫೋಟೊ ತೆಗೆಯುವ ಮೊದಲು ಆ ಹೆಂಗಸನ್ನು ಯಾರಾದರೂ ಕೇಳಿದ್ದರೇ? ಮತ್ತೆ, ಚಾರ್ಟಿನಲ್ಲಿ 'ಅಥಿತಿ' ಅಂತಿದೆ. 'ಅತಿಥಿ' ಆಗಬೇಕು.

ಆಗ್ನೆಲ್: ಆಯ್ತು ಅಕ್ಕೋರೇ, ತಿದ್ದಿಸುತ್ತೇನೆ. 17ರ ಬಗ್ಗೆ ಫಾದರ್ ಹತ್ತಿರ ಮಾತಾಡುತ್ತೇನೆ. ಹುಡುಗರ ಉತ್ಸಾಹ ಕುಂದಬಾರದು ಅನ್ನುವುದಷ್ಟೇ ನನ್ನ ಚಿಂತೆ.

ಫಿಲೋಮಿನಾ: ಫೋಟೊ ಇಲ್ಲ ಅಂದರೆ ಕುಂದುವ ಉತ್ಸಾಹ ಹೇಗೂ ಈಸ್ಟರ್ ತನಕ ಬಾಳುವುದಿಲ್ಲ ಬಿಡು. ಗಣಪತಿ, ಗುರುವಾರ ಅಜ್ಜನಿಗೆ ಬಾಂಬೋಳಿಯಲ್ಲಿ ತಪಾಸಣೆ. ಬಸ್ಸಿನಲ್ಲಿ ಅವರಿಗೆ ಕೂರಲು ಆಗುತ್ತಿಲ್ಲ. ನಿನ್ನ ಕಾರು ಸಿಗುತ್ತದಾ?

ಗಣಪತಿ: ಇದು ಚಾರ್ಟಿನಲ್ಲಿ ಎಷ್ಟನೇ ನಂಬರ್?

ಫಿಲೋಮಿನಾ: ಚಾರ್ಟಿನಲ್ಲಿ ಇಲ್ಲ. ಟಿಕ್ ಸಿಗುವುದಿಲ್ಲ.

ಗಣಪತಿ: ಬರುತ್ತೇನೆ. ಆದರೆ ಗೋವಾ ಗಡಿಯ ಮಾಜಾಳಿ ದಾಟಿದ ಮೇಲೆ ದಾರಿಯುದ್ದಕ್ಕೂ ಆಸ್ಪತ್ರೆ ವಿಷಯವೇ ಮಾತಾಡುತ್ತೇನೆ. ಕೇಳಬೇಕು.

ಫಿಲೋಮಿನಾ: ಧಾರಾಳ ಮಾತಾಡು. ಅಜ್ಜನಿಗೆ ಕಿವಿ ಕೇಳುವುದಿಲ್ಲ.