ಪದಚರ್ಚೆ: ಎರವಲು ಪದದ ಉಚ್ಚಾರಣೆ ಬದಲಾಗುವುದಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ:
ಭಾಷಾವಿಜ್ಞಾನದ ಪಠ್ಯವೊಂದನ್ನು ಅನುವಾದಿಸುತ್ತಿದ್ದೇನೆ. ಹೊರಗಿನಿಂದ ಬಂದ ಪದವನ್ನು ಒಂದು ಭಾಷೆ ತನ್ನ ಉಚ್ಚಾರಣೆಗೆ ಒಗ್ಗಿಸಿಕೊಳ್ಳುವುದಕ್ಕೆ ಏನೆನ್ನಬೇಕು? ಅಧ್ಯಾಯದ ಶೀರ್ಷಿಕೆಗೆ ಬೇಕು. ಜಪಾನಿ ಭಾಷೆಯಲ್ಲಿ ‘ಸ್ಟ್ರೈಕ್’ ಎಂಬುದು ‘ಸುತೊರೈಕು’ ಆಗುತ್ತದೆ. ‘ಪ’ಕಾರವಿಲ್ಲದ ಅರಬ್ಬಿಯಲ್ಲಿ ‘ಪೊಲೀಸ್’ ‘ಬೂಲೀಸ್’ ಆಗುತ್ತದೆ. ಅಧ್ಯಾಯವೆಲ್ಲ ಇಂಥದ್ದೇ. ‘ಧ್ವನಿ ಹೊಂದಾಣಿಕೆ’ ಎಂದು ಬರೆದುಕೊಂಡಿದ್ದೇನೆ, ಸಪ್ಪೆ ಎನಿಸುತ್ತಿದೆ. ನಾಳೆ ಸಂಜೆಯೊಳಗೆ ಕರಡು ಒಪ್ಪಿಸಬೇಕು.

ಉತ್ತರ 1:
‘ಉಲಿ ಒಗ್ಗಿಕೆ’. ಧ್ವನಿ ಸಂಸ್ಕೃತದ್ದು, ಬೇಡ.

ಉತ್ತರ 2:
‘ತದ್ಭವೀಕರಣ’ ಎಂದು ಬರೆಯಿರಿ. ಹೊಸ ಪದ ಕಟ್ಟಬೇಕಾಗಿಲ್ಲ. 13ನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಇದಕ್ಕೆಂದೇ ಅಪಭ್ರಂಶ ಪ್ರಕರಣವನ್ನು ಬರೆದಿದ್ದಾನೆ. ಶ್ರೀ ಸಿರಿಯಾಯಿತು, ವಂಧ್ಯೆ ಬಂಜೆಯಾಯಿತು, ಬಸ್ ಬಸ್ಸಾಯಿತು. ನಡೆದದ್ದು ಒಂದೇ ಕೆಲಸ.

ಉತ್ತರ 3:
ತಪ್ಪು. ತದ್ಭವ ಸಂಸ್ಕೃತದಿಂದ ಬಂದ ಪದಗಳಿಗೆ ಮಾತ್ರ ಸಲ್ಲುತ್ತದೆ. ‘ಬಸ್’ ಅನ್ಯದೇಶ್ಯ. ಅದನ್ನು ‘ಬಸ್ಸು’ ಎಂದು ಬರೆಯುವುದೇ ಮೂಲಕ್ಕೆ ಮಾಡುವ ಅಪಚಾರ.

ಉತ್ತರ 2 ಬರೆದವರಿಂದ:
ಅಪಚಾರ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ‘ಬಸ್’ ಎಂದು ಬರೆಯುವ ತಾವು ಅದಕ್ಕೆ ವಿಭಕ್ತಿ ಹಚ್ಚಿ ನೋಡಿ. ‘ಬಸಿನಲ್ಲಿ’ ಎಂದು ಬರೆಯುತ್ತೀರಾ? ‘ಬಸ್ಸಿನಲ್ಲಿ’ ಎಂದೇ ಬರೆಯುತ್ತೀರಿ. ಆದರೆ ‘ಕಾರಿನಲ್ಲಿ’ ಎನ್ನುವಾಗ ರಕಾರಕ್ಕೆ ಒತ್ತು ಬರುವುದಿಲ್ಲ. ಹಳಗನ್ನಡದ ಕಲ್, ಕಾಲ್ ನೆನಪಿಸಿಕೊಳ್ಳಿ. ಹ್ರಸ್ವದ ಮುಂದೆ ವ್ಯಂಜನ ಇಮ್ಮಡಿಸಿ ‘ಕಲ್ಲು’ ಆಯಿತು, ದೀರ್ಘದ ಮುಂದೆ ಒಂಟಿಯಾಗಿಯೇ ಉಳಿದು ‘ಕಾಲು’ ಆಯಿತು. ಅದೇ ಅಚ್ಚಿನಲ್ಲಿ ಪೆನ್ನು, ಬುಕ್ಕು ಒಂದು ಕಡೆ. ಕಾರು, ಕೋಟು ಇನ್ನೊಂದು ಕಡೆ. ಇಂಗ್ಲಿಷಿನಲ್ಲಿ ಈ ಇಮ್ಮಡಿ ಇಲ್ಲ, ಕೊನೆಯ ಉಕಾರವೂ ಇಲ್ಲ. ಎರಡನ್ನೂ ಕೊಟ್ಟದ್ದು ಕನ್ನಡ, ಯಾರೂ ಹೇಳಿಕೊಡದೆ. ಇಷ್ಟು ಕಟ್ಟುನಿಟ್ಟಾದ ನಿಯಮವನ್ನು ಉಚ್ಚಾರಣೆಯ ದೋಷವೆಂದು ತಳ್ಳಿಹಾಕಿದರೆ ನನಗೆ ನಿಜವಾಗಿಯೂ ನೋವಾಗುತ್ತದೆ.

‘ಅನ್ಯದೇಶ್ಯ’ ಪದ ಎಲ್ಲಿಂದ ಬಂತೆಂದು ಹೇಳುತ್ತದೆ, ಬಂದ ಮೇಲೆ ಅದಕ್ಕೆ ಏನಾಯಿತೆಂದು ಹೇಳುವುದಿಲ್ಲ. ಪ್ರಶ್ನೆ ಇರುವುದು ಎರಡನೆಯದರ ಬಗ್ಗೆ.

ಉತ್ತರ 1 ಬರೆದವರಿಂದ:
‘ಒಗ್ಗಿಕೆ’ ಎಂದರೆ ಓದುವವರಿಗೆ ಕೂಡಲೇ ತಿಳಿಯುತ್ತದೆ. ‘ತದ್ಭವೀಕರಣ’ ಎಂದರೆ ನಿಘಂಟು ತೆರೆಯಬೇಕು. ಕನ್ನಡದ ನಿಯಮವನ್ನು ಇಷ್ಟು ಹೊಗಳಿ ಹೆಸರನ್ನು ಮಾತ್ರ ಸಂಸ್ಕೃತದಿಂದ ತರುವುದೇಕೆ?

ಪ್ರಶ್ನೆ ಕೇಳಿದವರಿಂದ:
ಇಬ್ಬರಿಗೂ ವಂದನೆ. ಒಂದು ಅನುಮಾನ ಉಳಿದಿದೆ. ‘ಸುತೊರೈಕು’ವನ್ನೂ ತದ್ಭವ ಎಂದರೆ ಓದುಗರು ಸಂಸ್ಕೃತವನ್ನು ಹುಡುಕುವುದಿಲ್ಲವೇ?

ಉತ್ತರ 2 ಬರೆದವರಿಂದ:
‘ತತ್’ ಎಂದರೆ ‘ಅದು’. ಯಾವ ಭಾಷೆ ಎಂದು ಆ ಪದ ಹೇಳುವುದೇ ಇಲ್ಲ. ಶೀರ್ಷಿಕೆಯ ಕೆಳಗೆ ಇದನ್ನು ಒಂದು ಸಾಲಿನಲ್ಲಿ ಬರೆದುಬಿಡಿ, ಅಧ್ಯಾಯದಲ್ಲಿ ಕ್ರಿಯಾಪದವಾಗಿ ‘ಒಗ್ಗಿಸಿಕೊಳ್ಳು’ ಬಳಸಿ.